ಗೊಂಗ್ ಪೇಲಾನ್ ಕೇಳಿದ ಪ್ರಶ್ನೆಗಳು

ಹತ್ತಿ ಗಿರಣಿಯಲ್ಲಿ ಇಪ್ಪತ್ತೆಂಟು ವರ್ಷ ನೂಲು ತಪಾಸಣೆ ಮಾಡಿದ ಹೆಂಗಸು ಗೊಂಗ್ ಪೇಲಾನ್. ನೂರಾರು ಎಳೆಗಳ ನಡುವೆ ಒಂದೇ ಒಂದು ಎಳೆ ಕಡಿದಿದ್ದರೂ ಅವಳ ಕಣ್ಣು ತಪ್ಪಿಸುವಂತಿರಲಿಲ್ಲ. ನಿವೃತ್ತಿಯಾದ ಮೇಲೆ ಆ ಕಣ್ಣಿಗೆ ಕೆಲಸವಿಲ್ಲದೆ, ಅದು ಝೆಂಗ್‌ಝೌ ನಗರದ ಗಿರಣಿ ವಸತಿಯ ಹದಿನಾಲ್ಕನೇ ಕಟ್ಟಡದತ್ತ ತಿರುಗಿತು. ಯಾರ ಮನೆಗೆ ನೆಂಟರು ಬಂದರು, ಯಾರ ಮನೆಯಲ್ಲಿ ಮಾಂಸ ಬೇಯುತ್ತಿದೆ, ಯಾವ ಸೊಸೆ ತವರಿಗೆ ಹೋಗಿ ಎಷ್ಟು ದಿನವಾಯಿತು, ಎಲ್ಲವೂ ಅವಳಿಗೆ ಗೊತ್ತು. ಇಂಥವಳನ್ನು ಬಿಟ್ಟು ಇನ್ಯಾರು ಎಂದು ಬಡಾವಣೆ ಸಮಿತಿಯವರು ಅವಳನ್ನೇ ಕಟ್ಟಡದ ಮೇಲ್ವಿಚಾರಕಿ ಮಾಡಿ, ತೋಳಿಗೆ ಕೆಂಪು ಪಟ್ಟಿ ಕೊಟ್ಟರು.

ತೊಂಬತ್ತಾರನೇ ಇಸವಿಯ ವಸಂತದಲ್ಲಿ ಅವಳಿಗೆ ಬಿಡಿಸಲಾಗದ ಒಂದು ಒಗಟು ಸಿಕ್ಕಿತು. ಅವಳದು ಮೂರನೇ ಮಹಡಿ. ತಲೆಯ ಮೇಲಿನ ಮನೆ ಬಿಯಾನ್ ಹುಯಿ ಎಂಬ ವಿಧವೆಯದು, ಬಟ್ಟೆ ಹೊಲಿಯುವ ಹೆಂಗಸು. ಭಾನುವಾರ ಬೆಳಿಗ್ಗೆ ಎಂಟಾಯಿತೆಂದರೆ ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ ಜನ ಮೆಟ್ಟಿಲು ಹತ್ತಿ ಆ ಮನೆಗೆ ಹೋಗುತ್ತಿದ್ದರು. ಬಾಗಿಲ ಕಿಂಡಿಗೆ ಕಣ್ಣಿಟ್ಟು ಪೇಲಾನ್ ಎಣಿಸಿದಳು, ಬಿಯಾನ್‌ಳನ್ನೂ ಸೇರಿಸಿ. ಇಪ್ಪತ್ತಾರು ಜನ. ಆದರೆ ಮೇಲಿನಿಂದ ಒಂದು ಹೆಜ್ಜೆಯ ಸದ್ದಿಲ್ಲ, ಸ್ಟೂಲು ಎಳೆದ ಸದ್ದೂ ಇಲ್ಲ.

"ಇಸ್ಪೀಟಂತೂ ಅಲ್ಲ, ಗದ್ದಲ ಕೇಳ್ಬೇಕಿತ್ತು. ಆ ಸೋಪು ಮಾರೋ ಕಂಪನಿಯೋರೂ ಅಲ್ಲ, ಅವ್ರು ಚಪ್ಪಾಳೆ ತಟ್ತಾರೆ. ಇಪ್ಪತ್ತಾರು ಜನ ಎರಡು ಗಂಟೆ ಬಾಯಿ ಮುಚ್ಕೊಂಡು ಏನ್ರೀ ಮಾಡ್ತಾರೆ?" ಎಂದು ಗಂಡನನ್ನು ಕೇಳಿದಳು.

ಗಂಡ ಶಿ ಗುಯಿ ಗಿರಣಿಯ ಬಾಯ್ಲರಿನಲ್ಲಿ ರಾತ್ರಿ ಪಾಳಿಯವನು. ಬೆಳಿಗ್ಗೆ ಬಂದು ಮಲಗಿದರೆ ಮಧ್ಯಾಹ್ನವೇ ಏಳುವುದು. ಹೊದಿಕೆಯೊಳಗಿಂದಲೇ ಗೊಣಗಿದ: "ನಿದ್ದೆ ಮಾಡ್ತಾರೇನೋ. ನಂಗೂ ಮಾಡೋಕೆ ಬಿಡು ಮಾರಾಯ್ತಿ."

ಬಿಡುವ ಜಾತಿಯವಳಲ್ಲ ಅವಳು. ಮೂರನೇ ಭಾನುವಾರ ಊಟದ ಮೇಜಿನ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ತಾನು ನಿಂತು, ಚಹಾದ ಲೋಟವನ್ನು ಸೂರಿಗೆ ಒತ್ತಿ ಕಿವಿಗೊಟ್ಟಳು. ದೂರದಲ್ಲೆಲ್ಲೋ ಜೇನುಗೂಡು ಇದ್ದಂತೆ ಗುಂಯ್ ಎನ್ನುತ್ತಿತ್ತು. ಅದಕ್ಕೊಂದು ರಾಗವೂ ಇತ್ತು. ಇನ್ನು ತಡೆಯಲಾಗಲಿಲ್ಲ. ಇಳಿದವಳೇ ಕೆಂಪು ಪಟ್ಟಿ ಕಟ್ಟಿಕೊಂಡು, ಖಾಲಿ ಬಟ್ಟಲು ಹಿಡಿದು ಮೇಲಕ್ಕೆ ಹತ್ತಿದಳು.

"ಬಿಯಾನಕ್ಕ, ಸ್ವಲ್ಪ ವಿನೆಗರ್ ಇದೆಯಾ? ನಮ್ಮನೇಲಿ ಮುಗಿದ್ಹೋಗಿದೆ."

ಬಿಯಾನ್ ಅವಳ ತೋಳನ್ನೂ ಬಟ್ಟಲನ್ನೂ ನೋಡಿದಳು. ಬಾಗಿಲು ಪೂರ್ತಿ ತೆರೆದು, "ಒಳಗೆ ಬನ್ನಿ ಅಕ್ಕ," ಎಂದಳು.

ಎರಡು ಕೋಣೆಯ ಮನೆ. ಹಾಸಿಗೆ ಮಡಚಿಟ್ಟಿದ್ದರು. ಹೊಲಿಗೆ ಯಂತ್ರದ ಮೇಲೆ ಬಿಳಿ ಬಟ್ಟೆ ಹಾಸಿತ್ತು. ಗೇಣೆತ್ತರದ ಸ್ಟೂಲುಗಳ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಜನ ಕೂತಿದ್ದರು, ಎಲ್ಲರೂ ಬರೀ ಕಾಲುಚೀಲದಲ್ಲಿ. ಚಪ್ಪಲಿ, ಬೂಟುಗಳೆಲ್ಲ ಬಾಗಿಲ ಒಳಗಡೆ ಕಾಗದದ ಮೇಲೆ ಸಾಲಾಗಿದ್ದವು. ಹಿರಿಯನೊಬ್ಬ ಎದ್ದು ತನ್ನ ಸ್ಟೂಲು ಬಿಟ್ಟುಕೊಟ್ಟ. ಕಾಂಗ್ ಎಂದು ಅವನ ಹೆಸರು, ಬಸ್ಸು ಓಡಿಸಿ ನಿವೃತ್ತನಾದವನು.

"ಏನ್ ನಡೀತಿದೆ ಇಲ್ಲಿ?" ಪೇಲಾನ್ ನೇರವಾಗಿಯೇ ಕೇಳಿದಳು.

"ಪ್ರಾರ್ಥನೆ ಕಣಮ್ಮ. ನಾವು ಯೇಸುವನ್ನ ನಂಬಿದೋರು. ಒಬ್ಬರಿಗೊಬ್ಬರು ಓದಿ ಹೇಳ್ತೀವಿ, ಒಂದೆರಡು ಹಾಡು ಹೇಳ್ತೀವಿ."

"ಕಳ್ಳರ ಥರ ಯಾಕೆ ಇಷ್ಟು ಮೆಲ್ಲಗೆ? ನನ್ನ ಕಂಡ್ರೆ ಹೆದರಿಕೇನಾ?" ಎಂದು ಕೇಳುವಾಗ, ಹೌದು ಎಂದರೆ ಚೆನ್ನಾಗಿರುತ್ತದೆ ಎಂದೂ ಅವಳಿಗೆ ಅನ್ನಿಸದೇ ಇರಲಿಲ್ಲ.

ಕೆಲವರು ನಕ್ಕರು. ಬಿಯಾನ್ ಹೇಳಿದಳು: "ಹೆದರಿಕೆ ಇಲ್ಲ ಅಂತಲ್ಲ ಅಕ್ಕ, ಪರವಾನಗಿ ಇಲ್ಲದ ಸಭೆ ಇದು. ಆದ್ರೆ ಕಾಲುಚೀಲ ಅದಕ್ಕಲ್ಲ. ನಿಮ್ಮ ಯಜಮಾನ್ರು ರಾತ್ರಿ ಪಾಳಿ ಮುಗಿಸಿ ಮಲಗಿರ್ತಾರಲ್ಲ."

ಪೇಲಾನ್ ಬಟ್ಟಲು ಮುಂದೆ ಚಾಚಿದಳು. ವಿನೆಗರ್ ತುಂಬಿಸಿಕೊಂಡು ಕೆಳಗಿಳಿದಳು. ಮಧ್ಯಾಹ್ನ ಊಟಕ್ಕೆ ಕೂತಾಗ ಸುದ್ದಿ ಹೇಳಿದಳು. ಶಿ ಗುಯಿಯ ಕೈಯಲ್ಲಿದ್ದ ಊಟದ ಕಡ್ಡಿಗಳು ಅಲ್ಲೇ ನಿಂತವು.

"ನಂಗೋಸ್ಕರನಾ? ಅವ್ರಿಗೆ ಯಾರು ಹೇಳಿದ್ದು?"

"ನಿಮ್ಮ ಗೊರಕೇನೇ ಹೇಳಿರ್ಬೇಕು."

ಇಡೀ ಕಟ್ಟಡದ ಸಂಗತಿ ತನಗೆ ಗೊತ್ತು ಎಂದುಕೊಂಡಿದ್ದವಳಿಗೆ, ತನ್ನ ಮನೆಯ ಸಂಗತಿ ತಿಳಿದು ಅದಕ್ಕೆ ತಕ್ಕಂತೆ ಕಾಲಿಡುವವರೂ ಇದ್ದಾರೆ ಎನ್ನುವುದು ಆ ವಾರವೆಲ್ಲ ಕೊರೆಯುತ್ತಿತ್ತು. ಮುಂದಿನ ಭಾನುವಾರ ತನ್ನದೇ ಸ್ಟೂಲು ಹಿಡಿದು ಮೇಲೆ ಹೋದಳು. ಪಟ್ಟಿ ಕಟ್ಟಿರಲಿಲ್ಲ, ಆದರೆ ಹೊಟ್ಟೆ ತುಂಬ ಪ್ರಶ್ನೆಗಳಿದ್ದವು.

"ಕಣ್ಣು ಮುಚ್ಕೊಂಡು ಮಾತಾಡ್ತೀರಲ್ಲ, ಅವ್ನು ಕೇಳಿಸ್ಕೊಂಡ ಅಂತ ಹೇಗೆ ಗೊತ್ತಾಗುತ್ತೆ?"

ಕಾಂಗ್ ತಲೆ ಕೆರೆದುಕೊಂಡ. "ಕೆಲವು ಸಲ ಗೊತ್ತಾಗುತ್ತೆ. ಕೆಲವು ಸಲ ಏನೂ ಗೊತ್ತಾಗಲ್ಲ ಕಣಮ್ಮ."

ಆ ಉತ್ತರ ಅವಳಿಗೆ ಹಿಡಿಸಿತು. ಗಿರಣಿಯಲ್ಲಿಯೂ ಅಷ್ಟೆ, ಗೊತ್ತಿಲ್ಲ ಎನ್ನುವ ಮೇಸ್ತ್ರಿಯನ್ನು ಅವಳು ನಂಬುತ್ತಿದ್ದಳು. ಬೇಸಿಗೆ ಕಳೆಯುವಷ್ಟರಲ್ಲಿ ಸಭೆಯ ಕೊನೆಯ ಕಾಲು ಗಂಟೆ ಅವಳ ಪ್ರಶ್ನೆಗೆಂದೇ ಮೀಸಲಾಯಿತು.

ಶರತ್ಕಾಲದಲ್ಲಿ ಸಮಿತಿಯಿಂದ ಒಬ್ಬ ಹುಡುಗಿ ಪುಸ್ತಕ ಹಿಡಿದು ಬಂದಳು. "ಚಿಕ್ಕಮ್ಮ, ನಾಲ್ಕನೇ ಮಹಡೀಲಿ ಜನ ಸೇರ್ತಾರಂತೆ, ನಿಜಾನಾ?"

ಪೇಲಾನ್ ಹುಟ್ಟಿದಾಗಿನಿಂದ ತಪ್ಪು ವರದಿ ಕೊಟ್ಟವಳಲ್ಲ. ಒಲೆಯ ಮೇಲಿನ ಕೆಟಲ್ ಇಳಿಸಿ, ಹುಡುಗಿಗೆ ಬಿಸಿನೀರು ಬಗ್ಗಿಸಿ ಕೊಟ್ಟಳು. ಆಮೇಲೆ, "ಸೇರ್ತಾರೆ. ಇಪ್ಪತ್ತಾರು ಜನ. ನನ್ನ ಸೇರಿಸಿದ್ರೆ ಇಪ್ಪತ್ತೇಳು," ಎಂದಳು.

ಹುಡುಗಿಯ ಪೆನ್ನು ನಿಂತಿತು. "ನೀವೂನಾ?"

"ನಾನು ನಂಬಿದೋಳಲ್ಲ. ಪ್ರಶ್ನೆ ಕೇಳೋಕೆ ಹೋಗ್ತೀನಿ. ಹಂಗೇ ಬರ್ಕೋ."

ಹತ್ತು ದಿನಕ್ಕೆ ಸಮಿತಿಯಿಂದ ಎರಡು ಮಾತು ಬಂದವು. ಒಂದೇ ಮನೆಯಲ್ಲಿ ಅಷ್ಟು ಜನ ಸೇರಕೂಡದು. ಮತ್ತು ಹದಿನಾಲ್ಕನೇ ಕಟ್ಟಡಕ್ಕೆ ಬೇರೆ ಮೇಲ್ವಿಚಾರಕಿ. ಪಟ್ಟಿ ವಾಪಸು ಕೊಟ್ಟು ಬಂದಳು. ಅದು ಅವಳಿಗೆ ಅಷ್ಟೇನೂ ಅನ್ನಿಸಲಿಲ್ಲ. ಆದರೆ ಭಾನುವಾರ ಮೆಟ್ಟಿಲಲ್ಲಿ ಯಾರೂ ಹತ್ತದೆ, ಮೇಲಿನಿಂದ ಹೊಲಿಗೆ ಯಂತ್ರದ ಸದ್ದೊಂದೇ ಬಂದಾಗ ಬಾಗಿಲ ಕಿಂಡಿ ಬಿಟ್ಟು ಕದಲಲಿಲ್ಲ. ನಾಲ್ಕು ಭಾನುವಾರ ತಡೆದುಕೊಂಡಳು. ಐದನೆಯದಕ್ಕೆ ಮೇಲೆ ಹೋದಳು.

"ನನ್ನ ಬಾಯಿಂದಲೇ ಎಲ್ಲಾ ಹಾಳಾಯ್ತು ಬಿಯಾನಕ್ಕ."

"ನೀವು ಸುಳ್ಳು ಹೇಳ್ಬೇಕಿತ್ತು ಅಂತ ನಾನು ಹೇಗೆ ಹೇಳ್ಲಿ? ಸಿಟ್ಟಂತೂ ಬಂದಿತ್ತು. ಎರಡು ವಾರ ಬಂದಿತ್ತು," ಎಂದಳು ಬಿಯಾನ್, ದಾರ ಕಚ್ಚಿ ಕತ್ತರಿಸುತ್ತ. "ಈಗ ಗುಂಪು ಒಡೆದು ಮೂರಾಗಿದೆ. ಕಾಂಗ್ ತಾತನ ಮನೇಲಿ ಒಂದು, ಮಾರ್ಕೆಟ್ ಹಿಂದೆ ಒಂದು. ಈ ಮನೆ ಮೇಲೆ ಸಮಿತಿಯೋರ ಕಣ್ಣಿದೆ, ನಮಗೆ ಎಂಟು ಜನಕ್ಕೆ ಬೇರೆ ಮನೆ ಸಿಕ್ಕಿಲ್ಲ."

"ನಮ್ಮನೆ ಏನಾಗಿದೆ?"

"ಯಜಮಾನ್ರ ನಿದ್ದೆ?"

ಪೇಲಾನ್ ಕೆಳಗಿಳಿದು ಗಂಡನನ್ನು ಎಬ್ಬಿಸಿಯೇ ಕೇಳಿದಳು. ಶಿ ಗುಯಿ ಕಣ್ಣುಜ್ಜಿಕೊಂಡು ಎದ್ದು ಕೂತ. "ಇಷ್ಟು ದಿನ ಅವ್ರು ನಂಗೋಸ್ಕರ ಮೆತ್ತಗೆ ನಡೆದ್ರು. ಬರ್ಲಿ ಬಿಡು. ಭಾನುವಾರ ಮಧ್ಯಾಹ್ನ ಮಲಗ್ತೀನಿ. ಎಂಟು ಜನಕ್ಕೆ ಖಾರದ ಸಾರು ಮಾಡೋದೇನು ಕಷ್ಟ?"

ಹಾಗೆ ಮೂರನೇ ಮಹಡಿಯಲ್ಲಿ ಸಭೆ ಶುರುವಾಯಿತು. ಶಿ ಗುಯಿ ಅಡುಗೆಮನೆಯಲ್ಲಿ ಸಾರು ಕುದಿಸುತ್ತಲೇ ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಒಂದು ಪ್ರಶ್ನೆಯನ್ನೂ ಕೇಳದೆ, ಎರಡೇ ವರ್ಷಕ್ಕೆ ದೀಕ್ಷಾಸ್ನಾನ ಪಡೆದ. ಪೇಲಾನ್ ಬೆರಗಾಗಿ, "ನಿಮಗೆ ಏನೂ ಅನುಮಾನ ಬರ್ಲಿಲ್ವೇನ್ರೀ?" ಎಂದರೆ, "ಎಲ್ಲಾ ನೀನೇ ಕೇಳಿಬಿಟ್ಯಲ್ಲ," ಎಂದ.

ಅವಳಿಗೆ ಮತ್ತೆ ಒಂಬತ್ತು ವರ್ಷ ಹಿಡಿಯಿತು. ಅರವತ್ತೊಂಬತ್ತರ ವಯಸ್ಸಿನಲ್ಲಿ, ಒಂದು ಚಳಿಗಾಲದ ಬೆಳಿಗ್ಗೆ, ಕಾಂಗ್ ತಾತನ ಮನೆಯ ಪ್ಲಾಸ್ಟಿಕ್ ತೊಟ್ಟಿಯ ಪಕ್ಕ ನಿಂತಳು. ಎಂಬತ್ತು ದಾಟಿದ ಕಾಂಗ್ ಕೋಲೂರಿಕೊಂಡೇ ಕೇಳಿದ: "ಇನ್ನೂ ಏನಾದ್ರೂ ಪ್ರಶ್ನೆ ಉಳಿದಿದೆಯಾ?"

"ಹನ್ನೊಂದು ಇವೆ."

"ಹಂಗಿದ್ರೂ ಮುಳುಗೋಕೆ ಬಂದೆಯಾ?"

"ಹೊರಗೆ ನಿಂತು ಕೇಳಿದ್ದು ಸಾಕು ಅನ್ನಿಸ್ತು ತಾತ."

ನೀರು ಬೆಚ್ಚಗಿತ್ತು. ಮೇಲೆದ್ದವಳಿಗೆ ಬಿಯಾನ್ ಟವೆಲು ಹೊದಿಸಿದಳು, ಶಿ ಗುಯಿ ಸಾರಿನ ಬಟ್ಟಲು ಕೈಗಿಟ್ಟ. ಎರಡು ಗುಟುಕು ಕುಡಿದು, ತಲೆಗೂದಲು ತೊಟ್ಟಿಕ್ಕುತ್ತಿರುವಾಗಲೇ ಪೇಲಾನ್ ಕಾಂಗ್ ತಾತನ ಎದುರಿಗೆ ಸ್ಟೂಲು ಎಳೆದು ಕೂತಳು. "ಮೊದಲನೇದು ಕೇಳ್ಲಾ?" ಎಂದಳು.