ಕಂಪೌಂಡರ ಕತ್ತರಿ

ಭಾನುವಾರ, ಬೆಳಿಗ್ಗೆ ಏಳು ಗಂಟೆ. ಹೊನ್ನಾವರದ ನಮ್ಮ ಮನೆಯ ಅಡಿಗೆಕೋಣೆ. ಇದ್ದವರು ಇಬ್ಬರು, ನಾನು ಮತ್ತು ನನ್ನ ತಮ್ಮನ ಹೆಂಡತಿ. ವಾರಕ್ಕೆ ಬೇಕಾದ ಗುಳಿಗೆಗಳನ್ನು ವಿಂಗಡಿಸಿ ಇಡುವುದು ನಮ್ಮ ಭಾನುವಾರದ ಮೊದಲ ಕೆಲಸ. ಆಮೇಲೆ ಚಹಾ. ಅವಳು ಗುಳಿಗೆ ತುಂಬಿದ ಬಿಸ್ಕೀಟಿನ ಡಬ್ಬ ತಂದಿಟ್ಟು, ಅದರಿಂದ ಒಂದು ತುಂಡು ಸ್ಟ್ರಿಪ್ ಎತ್ತಿ ತೋರಿಸಿದಳು. ಬಿಳಿಯ ಸಣ್ಣ ಗುಳಿಗೆಗಳು. ಹಿಂದಿನ ಬೆಳ್ಳಿಕಾಗದದ ಮೇಲೆ ಹೆಸರಿಲ್ಲ, ತಾರೀಕಿಲ್ಲ.

“ಅತ್ಗೆ, ಇದು ಎಂತದು? ಬಿಪಿದೋ, ಗ್ಯಾಸಿಂದೋ?”

“ಹೆಸ್ರಿದ್ದ ಬದಿ ಎಲ್ಲಿ?”

“ಆ ಬದಿದು ತಿಂದು ಆತಲ್ಲ.”

ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕತ್ತರಿಸಿದ ಅಂಚು ಸೊಟ್ಟಗಿತ್ತು. ಆ ಸೊಟ್ಟ ಅಂಚು ನೋಡಿದ್ದೇ, ನಾನು ಮೊದಲು ಕೆಲಸಕ್ಕಿದ್ದ ಔಷಧಿ ಅಂಗಡಿಯ ಕಂಪೌಂಡರು ಕಣ್ಣೆದುರು ಬಂದು ನಿಂತರು... ಇಷ್ಟು ವರ್ಷಗಳ ಮೇಲೂ ನಾನು ಹಲ್ಲು ಕಚ್ಚಿದೆ.

ಔಷಧಿ ಅಂಗಡಿಯಲ್ಲಿ ಮೊಟ್ಟಮೊದಲು ಕಲಿಯಬೇಕಾದದ್ದು ಇದು. ಸ್ಟ್ರಿಪ್ ಕತ್ತರಿಸಿ ಬಿಡಿ ಗುಳಿಗೆ ಕೊಡುವಾಗ, ಹೆಸರು ಮತ್ತು ತಾರೀಕು ಅಚ್ಚಾದ ತುದಿಯನ್ನು ಮುಟ್ಟಬಾರದು. ಇನ್ನೊಂದು ತುದಿಯಿಂದ ಕತ್ತರಿಸುತ್ತ ಬರಬೇಕು. ಅಂಗಡಿಯಲ್ಲಿ ಉಳಿಯುವ ತುಂಡು ಯಾವುದರದ್ದು ಎಂದು ಕೊನೆಯವರೆಗೂ ಗೊತ್ತಿರಬೇಕಲ್ಲ. ಇದನ್ನು ನನಗೆ ಯಾರೂ ಬಾಯಲ್ಲಿ ಹೇಳಿಕೊಡಲಿಲ್ಲ. ಕಂಪೌಂಡರು ತಮ್ಮ ತಪ್ಪನ್ನು ನನ್ನ ಬೆನ್ನ ಮೇಲೆ ಹೇರಿ ಕಲಿಸಿದರು.

ನನ್ನ ಅಪ್ಪ ಶಾಲೆಯ ಜವಾನ. ಗಂಟೆ ಹೊಡೆಯುವುದು ಅವನ ಕೆಲಸ. ನಮ್ಮ ಮನೆಯಲ್ಲಿ ಏಳುವುದಕ್ಕೂ ಉಣ್ಣುವುದಕ್ಕೂ ಹೊತ್ತು ತಪ್ಪುತ್ತಿರಲಿಲ್ಲ. ಆದರೆ ಊರ ಮಕ್ಕಳಿಗೆಲ್ಲ ಗಂಟೆ ಹೊಡೆದವನು ನನ್ನನ್ನು ಏಳನೇ ಈಯತ್ತೆಗೆ ಶಾಲೆ ಬಿಡಿಸಿದ. ತಾಯಿ ಹಾಸಿಗೆ ಹಿಡಿದಿದ್ದಳು, ತಮ್ಮ ಸಣ್ಣವನು. ತಾಯಿ ಹೋದ ಮೇಲೆ, ನನಗೆ ಇಪ್ಪತ್ತು ತುಂಬುವ ಹೊತ್ತಿಗೆ, ಬಜಾರಿನ ಔಷಧಿ ಅಂಗಡಿಯಲ್ಲಿ ಬಾಟಲಿ ತೊಳೆಯಲು ಜನ ಬೇಕೆಂದು ತಿಳಿಯಿತು. ಹೋಗಿ ನಿಂತೆ.

ಅಂಗಡಿ ಕಂಪೌಂಡರದ್ದೇ. ಮೊದಲು ಕುಮಟೆಯ ಒಬ್ಬ ಡಾಕ್ಟರ ಹತ್ತಿರ ಮಿಕ್ಸ್ಚರ್ ಕಲಸುತ್ತಿದ್ದವರು, ಆಮೇಲೆ ಹೊನ್ನಾವರಕ್ಕೆ ಬಂದು ಸ್ವಂತ ಅಂಗಡಿ ತೆರೆದಿದ್ದರು. ಅವರೂ ಕಾಲೇಜಿಗೆ ಹೋದವರಲ್ಲ. ಹಳೆಯ ಕಾಲದ ಕಾನೂನಿನಲ್ಲಿ ಅನುಭವ ನೋಡಿ ಕೆಲವರ ಹೆಸರು ನೋಂದಾಯಿಸುತ್ತಿದ್ದರಂತೆ, ಹಾಗೆ ಸಿಕ್ಕ ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ದಿನಾ ಬೆಳಿಗ್ಗೆ ಆ ಗಾಜು ಒರೆಸುವುದೂ ನನ್ನ ಕೆಲಸವೇ ಆಗಿತ್ತು.

ಒಂದು ದಿನ ಒರೆಸುತ್ತ ಕೇಳಿದೆ, “ನಾನೂ ಇಲ್ಲೇ ಕಲಿತ್ರೆ ಹೀಗೊಂದು ಸಿಗ್ತದ್ಯಾ?”

ಅವರು ನಕ್ಕರು. ಅಂಗಡಿಗೆ ಬಂದಿದ್ದ ಗಿರಾಕಿಗೂ ಕೇಳುವಂತೆ ಹೇಳಿದರು, “ಕೇಳಿದ್ರಾ? ಬಾಟ್ಲಿ ತೊಳೂಕೆ ಬಂದವ್ಳಿಗೆ ಫೋಟೋ ಆಗಿ ಗೋಡೆ ಹತ್ಬೇಕಂತೆ! ಆ ಬಾಗ್ಲು ಮುಚ್ಚಿ ಆತು, ಮಾರಾಯ್ತಿ. ನೀನು ಬ್ರಷ್ ಹಿಡಿ.”

ತಾವು ಒಳಗೆ ಬಂದ ಬಾಗಿಲನ್ನು ತಾವೇ ಹಿಂದಿನಿಂದ ಒದ್ದು ಮುಚ್ಚಿದಂತೆ ಇತ್ತು ಆ ಮಾತು. ಆದರೂ ಕಲಿತೆ. ಜನ ಮನೆಯಿಂದ ತರುತ್ತಿದ್ದ ಬಾಟಲಿಗಳನ್ನು ಸೋಡಾ ಹಾಕಿ ತೊಳೆದು, ಬಿಸಿಲಿಗೆ ಬೋರಲು ಹಾಕಿ, ಒಣಗಿದ ಮೇಲೆ ಹೊರಮೈಗೆ ಕಾಗದದ ಪಟ್ಟಿ ಅಂಟಿಸುತ್ತಿದ್ದೆ. ಒಂದೊಂದು ಸಲಕ್ಕೆ ಎಷ್ಟು ಕುಡಿಯಬೇಕೆಂದು ತೋರಿಸಲು ಆ ಪಟ್ಟಿಗೆ ಹಲ್ಲಿನಂತೆ ಕಚ್ಚು ಹಾಕಿರುತ್ತಿದ್ದರು. ಕಚ್ಚು ಹಾಕುವುದು ಮಾತ್ರ ಅವರೇ. ಕತ್ತರಿ ಸದಾ ಅವರ ಅಂಗಿಯ ಜೇಬಿನಲ್ಲಿ. ನಾನು ಮುಟ್ಟುವಂತಿರಲಿಲ್ಲ. ಒಮ್ಮೆ ದಾರ ತುಂಡು ಮಾಡಲು ಕೇಳಿದ್ದಕ್ಕೆ, “ಹಲ್ಲಿಲ್ವ ನಿಂಗೆ?” ಎಂದಿದ್ದರು.

ಗುಳಿಗೆಗಳು ಆಗಿನ್ನೂ ದೊಡ್ಡ ಡಬ್ಬಗಳಲ್ಲಿ ಬಿಡಿಯಾಗಿ ಬರುತ್ತಿದ್ದ ಕಾಲ, ಸ್ಟ್ರಿಪ್ ಒಂದೊಂದೇ ಕಾಲಿಡುತ್ತಿತ್ತು. ಡಬ್ಬ ಮತ್ತು ಮಿಕ್ಸ್ಚರಿನಲ್ಲಿ ಪಳಗಿದ ಅವರಿಗೆ ಸ್ಟ್ರಿಪ್ ಎಂದರೆ ತಾತ್ಸಾರ. ಕೈಗೆ ಯಾವ ತುದಿ ಸಿಕ್ಕಿತೋ ಅದನ್ನು ಕತ್ತರಿಸಿ, ಉಳಿದದ್ದನ್ನು ಯಾವುದೋ ಖಾನೆಗೆ ಎಸೆಯುತ್ತಿದ್ದರು. “ಹೆಸ್ರು ಓದೂದು ಹೊಸಬ್ರು. ನಂಗೆ ಗುಳಿಗೆ ನೋಡಿದ್ರೆ ಗೊತ್ತಾಗ್ತದೆ,” ಎನ್ನುತ್ತಿದ್ದರು.

ಗೊತ್ತಾಗಲಿಲ್ಲ. ಹೊಳೆಯಾಚೆಯ ಕಾಸರಕೋಡಿನಿಂದ ಒಣಮೀನು ಮಾರಲು ಬರುತ್ತಿದ್ದ ಒಬ್ಬ ಹೆಂಗಸು ಮೈ ತುರಿಕೆಗೆಂದು ಗುಳಿಗೆ ಕೇಳಿದಳು. ಅವರು ಖಾನೆಯಿಂದ ಒಂದು ತುಂಡು ಎತ್ತಿ ಕೊಟ್ಟರು. ಅದು ಸಕ್ಕರೆ ಕಾಯಿಲೆಯವರ ಗುಳಿಗೆ. ಅವಳು ಬರಿಹೊಟ್ಟೆಯಲ್ಲಿ ನುಂಗಿ ಮೀನುಪೇಟೆಯಲ್ಲಿ ಬೆವರಿ ಬಿದ್ದಳು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಕೊಟ್ಟು ಉಳಿಸಿಕೊಂಡರು. ಮರುದಿನ ಅವಳೂ ಅವಳ ಕಡೆಯವರೂ ಅಂಗಡಿಯ ಮುಂದೆ ಬಂದು ನಿಂತರು. ಬಜಾರು ನೆರೆಯಿತು.

ಕಂಪೌಂಡರು ಅವಸರವನ್ನೇ ಮಾಡಲಿಲ್ಲ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ನನ್ನತ್ತ ಕೈ ತೋರಿಸಿದರು. “ಇಕಾ, ಇವ್ಳು. ನಾನು ಊಟಕ್ಕೆ ಹೋದಾಗ ಕತ್ರಿಸಿ ಹೆಸ್ರು ಹಾಳು ಮಾಡಿಟ್ಟಿದ್ಲು. ಕಲೀಬೇಕಂತ ಹುಚ್ಚು ಇವ್ಳಿಗೆ.”

“ಕತ್ತರಿ ನಂಗೆ ಮುಟ್ಟೂಕೇ ಕೊಡೂದಿಲ್ಲ ಇವ್ರು!” ಎಂದು ಕೂಗಿದೆ. ಯಾರಿಗೆ ಕೇಳಬೇಕು? ಮೀನಿನ ಹೆಂಗಸು ನನ್ನ ಮುಖಕ್ಕೆ ಉಗಿದಳು. “ಬಾಟ್ಲಿ ತೊಳೂ ಹುಡ್ಗಿ ನನ್ನ ಮಕ್ಳ ತಬ್ಬಲಿ ಮಾಡ್ತಿದ್ಯಲ್ಲೇ!” ಎಂದಳು. ಅವಳ ಸಿಟ್ಟಿನಲ್ಲಿ ತಪ್ಪಿರಲಿಲ್ಲ, ಅದು ತಲುಪಬೇಕಾದಲ್ಲಿಗೆ ತಲುಪಲಿಲ್ಲ ಅಷ್ಟೆ. ಕಂಪೌಂಡರು ನನ್ನ ಚಪ್ಪಲಿಯನ್ನು ಕಾಲಿನಿಂದ ರಸ್ತೆಗೆ ತಳ್ಳಿದರು. ಅವರ ಅಂಗಿಯ ಜೇಬಿನಿಂದ ಕತ್ತರಿಯ ಹಿಡಿ ಇಣುಕುತ್ತಿತ್ತು, ನೆರೆದವರಲ್ಲಿ ಒಬ್ಬರಾದರೂ ಅದನ್ನು ನೋಡಬಹುದಿತ್ತು...

ಚಪ್ಪಲಿ ಮೆಟ್ಟಿಕೊಳ್ಳುತ್ತ ಮನಸ್ಸಿನಲ್ಲೇ ಅಂದುಕೊಂಡೆ. ಕತ್ತರಿಸಿದ್ದು ಯಾರೆಂದು ನೀವೇ ಹೇಳಬೇಕು, ಇದೇ ಬಜಾರಿನಲ್ಲಿ, ನನ್ನ ಎದುರು ನಿಂತು, ಜೋರಾಗಿ. ಅದು ಆಗುವವರೆಗೆ ನಾನು ಔಷಧಿ ಅಂಗಡಿಯ ಕೆಲಸ ಬಿಡುವುದಿಲ್ಲ.

ಹೊನ್ನಾವರದಲ್ಲಿ ಯಾರೂ ನನ್ನನ್ನು ಇಟ್ಟುಕೊಳ್ಳಲಿಲ್ಲ. ಭಟ್ಕಳಕ್ಕೆ ಹೋದೆ. ಅಲ್ಲಿಯ ಒಬ್ಬ ವಯಸ್ಸಾದ ಸಾಹೇಬರಿಗೆ ಔಷಧಿ ಅಂಗಡಿ ಇತ್ತು, ಅವರ ತಮ್ಮ ಔಷಧಿಯ ಓದು ಮುಗಿಸಿ ಬಂದು ಅಂಗಡಿಯ ಜವಾಬ್ದಾರಿ ಹೊತ್ತಿದ್ದರು. ಸಾಹೇಬರು ನಾನು ಎಷ್ಟು ಓದಿದ್ದೇನೆ ಎಂದು ಕೇಳಲೇ ಇಲ್ಲ. ಕೊಂಕಣಿ ಬರುತ್ತದೆಯೇ ಎಂದು ಕೇಳಿದರು. ನಮ್ಮ ಕೇರಿಯ ಅರ್ಧ ಮನೆಗಳು ಕೊಂಕಣಿಯವು, ಬರುತ್ತದೆ ಎಂದೆ. ಹಾಗಿದ್ದರೆ ತಮ್ಮವರ ನವಾಯತಿ ಮಾತೂ ಕಿವಿಗೆ ಹತ್ತುತ್ತದೆ ಎಂದು ತಲೆಯಾಡಿಸಿದರು.

“ನಮ್ಮ ಹೆಂಗಸ್ರು ಗಂಡಸ್ರ ಹತ್ರ ಅರ್ಧ ಹೇಳ್ತಾರೆ, ಅರ್ಧ ನುಂಗ್ತಾರೆ, ಬೇಟಿ. ನುಂಗಿದ ಅರ್ಧ ನೀನು ಕೇಳ್ಕೊಂಡು ಬಂದು ನಮ್ಗೆ ಹೇಳು.”

ಇದೇ ನನ್ನ ಶಾಲೆಯಾಯಿತು. ಹೆಂಗಸರು ಕೌಂಟರಿನ ತುದಿಗೆ ಬಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ನಾನು ಒಳಗೆ ಹೋಗಿ ಸಾಹೇಬರ ತಮ್ಮನಿಗೆ, ಸಣ್ಣ ಸಾಹೇಬರಿಗೆ, ಹೇಳುತ್ತಿದ್ದೆ. ಅವರು ಡಾಕ್ಟರ ಚೀಟಿ ನೋಡಿ ಇದು, ಇಷ್ಟು, ಹೀಗೆ ಎಂದು ತೆಗೆದು ತೋರಿಸುತ್ತಿದ್ದರು. ಇಂಗ್ಲಿಷ್ ಅಕ್ಷರಗಳನ್ನು ಪೆಟ್ಟಿಗೆಗಳ ಮೇಲಿನಿಂದ ಕೂಡಿಸಿ ಓದಲು ಕಲಿತೆ. ನಡುವೆ ತಪ್ಪು ಹೇಳಿ ಬೈಸಿಕೊಂಡದ್ದೂ ಉಂಟು. ಸಣ್ಣ ಸಾಹೇಬರು ಬೈದರೆ ಅದರ ಹಿಂದೆ ಒಂದು ಪಾಠ ಇರುತ್ತಿತ್ತು. ಮೊದಲ ಸಲ ಕತ್ತರಿ ನನ್ನ ಕೈಗೆ ಕೊಟ್ಟವರೂ ಅವರೇ. ನನ್ನ ಹೆಸರು ಯಾವ ಗೋಡೆಗೂ ಏರಲಿಲ್ಲ, ಕಾನೂನಿನ ಪ್ರಕಾರ ನಾನು ಕೊನೆಯವರೆಗೂ ಸಹಾಯಕಿ. ಇರಲಿ. ಕತ್ತರಿ ಸಿಕ್ಕಿತ್ತು.

ಕೆಲವು ವರ್ಷಗಳ ಮೇಲೆ ಸಾಹೇಬರು ಇನ್ನೊಂದು ಅಂಗಡಿ ತೆರೆಯಲು ಹೊರಟರು. ಅವರ ಮನಸ್ಸು ಕುಮಟೆಯ ಮೇಲಿತ್ತು. ನಾನು ಹೊನ್ನಾವರ ಎಂದೆ. ಬಿಡದೆ ಎಂದೆ. ಕಂಪೌಂಡರ ಅಂಗಡಿಯ ನೇರ ಎದುರಿಗೆ, ರಸ್ತೆಯ ಈಚೆ, ಒಂದು ಮಳಿಗೆ ಖಾಲಿ ಇರುವುದನ್ನು ನೋಡಿಕೊಂಡು ಬಂದಿದ್ದೆ. ಸಣ್ಣ ಸಾಹೇಬರು ಅಂಗಡಿ ನಡೆಸಲು ಬಂದರು, ಜೊತೆಗೆ ನಾನು ಬಂದೆ.

ಮೊದಲ ದಿನ ನಾನು ಮಾಡಿದ ಮೊದಲ ಕೆಲಸ, ಕೌಂಟರಿನ ಮೇಲೆ ಎಲ್ಲರಿಗೂ ಕಾಣುವಂತೆ ಕೆಂಪು ದಾರದಲ್ಲಿ ಕತ್ತರಿ ತೂಗುಹಾಕಿದ್ದು. ಗುಳಿಗೆ ಕೊಡುವಾಗ ಸ್ಟ್ರಿಪ್ ಗಿರಾಕಿಯ ಕಣ್ಣೆದುರು ಹಿಡಿದು, ಹೆಸರಿದ್ದ ತುದಿ ತೋರಿಸಿ, ಈಚೆಯಿಂದ ಕತ್ತರಿಸಿ ಕೊಡುತ್ತಿದ್ದೆ. “ಹೆಸ್ರು ನೋಡ್ದೆ ಯಾರ ಹತ್ರವೂ ತಕಬೇಡಿ,” ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದೆ. ಆಚೆಯ ಅಂಗಡಿಯ ಹೆಸರನ್ನು ಒಮ್ಮೆಯೂ ಎತ್ತಲಿಲ್ಲ. ಎತ್ತುವ ಅಗತ್ಯವೂ ಬೀಳಲಿಲ್ಲ. ಮುಂದಿನ ಮಳೆಗಾಲದ ಹೊತ್ತಿಗೆ ಜನ ಕಂಪೌಂಡರ ಕೌಂಟರಿನಲ್ಲಿ ನಿಂತು, “ಕಂಪೌಂಡ್ರೇ, ಹೆಸ್ರು ತೋರ್ಸಿ ಕತ್ರಿಸಿ,” ಎನ್ನತೊಡಗಿದರು. ರಸ್ತೆಯ ಈಚೆಯವರೆಗೂ ಕೇಳುತ್ತಿತ್ತು. ಅವರು ಜೇಬಿನಿಂದ ಕತ್ತರಿ ತೆಗೆಯುವಾಗ ಒಂದು ಸಲ ನನ್ನತ್ತ ನೋಡುತ್ತಿದ್ದರು. ನಾನು ಆ ನೋಟಕ್ಕಾಗಿ ಕಾದಿರುತ್ತಿದ್ದೆ.

ಇನ್ನೊಂದು ನಿಯಮ ಹಾಕಿಕೊಂಡಿದ್ದೆ. ಬೆಳಿಗ್ಗೆ ಅವರ ಬಾಗಿಲು ತೆರೆಯುವ ಮೊದಲು ನನ್ನ ಶಟರ್ ಎದ್ದಿರಬೇಕು. ಅವರು ಬೇಗ ತೆರೆಯತೊಡಗಿದರೆ ನಾನು ಇನ್ನೂ ಬೇಗ ತೆರೆದೆ. ಜ್ವರ ಇದ್ದ ದಿನವೂ ಬಿಡಲಿಲ್ಲ. ಕೀಲಿ ತಿರುಗಿಸುತ್ತ ಅವರು ಬೆನ್ನ ಹಿಂದೆ ನನ್ನ ಕಸಬರಿಕೆಯ ಸದ್ದು ಕೇಳಬೇಕು, ಅಷ್ಟೇ ನನಗೆ ಬೇಕಿದ್ದದ್ದು. ಮೊದಲು ಹೆಂಗಸರು ರಸ್ತೆ ದಾಟಿ ಬಂದರು, ಆಮೇಲೆ ಅವರ ಮನೆಯ ಗಂಡಸರು. ಕೊನೆಗೆ ಆಚೆಯ ಅಂಗಡಿ ಮುಚ್ಚಿತು. ಅವರ ಮಗ ಅಲ್ಲಿ ಮೊಬೈಲಿನ ಅಂಗಡಿ ಇಟ್ಟ. ಆದರೂ ಕಂಪೌಂಡರು ದಿನಾ ಬೆಳಿಗ್ಗೆ ಬಂದು ಅದರ ಮುಂದೆ ಹಾಕಿದ್ದ ಕುರ್ಚಿಯಲ್ಲಿ ಕೂರುತ್ತಿದ್ದರು. ನಾನು ದಿನಾ ಅವರಿಗಿಂತ ಮೊದಲು ಬರುತ್ತಿದ್ದೆ.

ಆ ಮೀನಿನ ಹೆಂಗಸು ಮಾತ್ರ ನನ್ನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಬುಟ್ಟಿ ಹೊತ್ತು ಬರುವಾಗ ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ಸರಿದು ಹೋಗುತ್ತಿದ್ದಳು. ಕರೆದು ಹೇಳೋಣವೆಂದರೆ ನನ್ನ ಮಾತಿಗೆ ಸಾಕ್ಷಿ ಯಾರು? ಗೊತ್ತಿದ್ದವರು ಒಬ್ಬರೇ, ಕುರ್ಚಿಯಲ್ಲಿ ಕೂತವರು. ಅವರು ಬಾಯಿ ಬಿಡುವ ಮೊದಲೇ ಅವಳು ತೀರಿಕೊಂಡಳು...

ಬಾಯಿ ಬಿಟ್ಟದ್ದು ಒಂದು ಬೇಸಿಗೆಯ ಮಧ್ಯಾಹ್ನ. ಮಗ ಸಾಮಾನು ತರಲು ಕುಮಟೆಗೆ ಹೋಗಿದ್ದ. ಕಂಪೌಂಡರು ಕೋಲೂರಿಕೊಂಡು ರಸ್ತೆ ದಾಟಿ ಬಂದು ನನ್ನ ಕೌಂಟರಿನ ಮುಂದೆ ನಿಂತರು. ಕೈಯಲ್ಲಿ ಒಂದು ತುಂಡು ಸ್ಟ್ರಿಪ್, ಅಂಚು ಸೊಟ್ಟ. ಅಂಗಡಿಯಲ್ಲಿ ಜನ ಇದ್ದರು.

“ಇದು ನಾಲ್ಕು ಬೇಕಾಗಿತ್ತು.”

“ಇದು ಅಂದ್ರೆ ಯಾವ್ದು?”

“ನೋಡಿದ್ರೆ ಗೊತ್ತಾಗ್ತದಲ್ಲ ನಿಂಗೆ.”

“ಇಲ್ಲಿ ನೋಡಿ ಕೊಡೂ ಪದ್ಧತಿ ಇಲ್ಲ. ಹೆಸ್ರು ಕತ್ರಿಸದ್ದು ಯಾರು?”

ಅವರು ಕೆಂಪು ದಾರದ ಕತ್ತರಿಯನ್ನೇ ನೋಡುತ್ತ ನಿಂತರು. ನಾನು ಕೇಳಿದ್ದು ಯಾವ ಕತ್ತರಿಯ ಮಾತೆಂದು ಅವರಿಗೆ ತಿಳಿಯಿತು.

“ನಾನೇ,” ಎಂದರು ಮೆಲ್ಲಗೆ.

“ಕೇಳ್ಲಿಲ್ಲ. ಜೋರಾಗಿ ಹೇಳಿ.”

“ಎಂತಕ್ಕೆ ಜೋರು ಮಾಡ್ತ್ರಿ, ಅಕ್ಕಾ? ಅಜ್ಜಂಗೆ ಕಣ್ಣು ಕಾಣೂದಿಲ್ಲ,” ಎಂದ ಸರದಿಯಲ್ಲಿದ್ದ ಒಬ್ಬ. ನಾನು ಅವನತ್ತ ತಿರುಗಲಿಲ್ಲ.

ಕಂಪೌಂಡರು ತಲೆ ಎತ್ತಿದರು. “ನಾನೇ ಕತ್ರಿಸದ್ದು,” ಎಂದರು, ಇಡೀ ಅಂಗಡಿಗೆ ಕೇಳುವಂತೆ. “ನೀನು ಮುಟ್ಲೇ ಇಲ್ಲ.”

ಅಜ್ಜನಿಗೆ ಅರಳುಮರಳು ಎಂದು ಜನ ತಮ್ಮತಮ್ಮಲ್ಲೇ ನಕ್ಕರು. ನಾನು ನಗಲಿಲ್ಲ. ಕಂಪೌಂಡರು “ಆತಾ?” ಎಂದು ಕೇಳಿದರು. “ಡಾಕ್ಟರ ಚೀಟಿ ತಕಂಡು ಬನ್ನಿ,” ಎಂದೆ. ಅದೇ ಬಿಸಿಲಿನಲ್ಲಿ ರಸ್ತೆ ದಾಟಿ ಹೋಗಿ, ಚೀಟಿ ಹುಡುಕಿ, ಮತ್ತೆ ದಾಟಿ ಬಂದರು. ನಾನು ಯಾರನ್ನಾದರೂ ಜೊತೆಗೆ ಕಳಿಸಬಹುದಿತ್ತು, ಕಳಿಸಲಿಲ್ಲ. ಸಣ್ಣ ಸಾಹೇಬರು ಚೀಟಿ ನೋಡಿ ಔಷಧಿ ತೆಗೆದುಕೊಟ್ಟರು. ನಾನು ಹೆಸರಿದ್ದ ತುದಿಯನ್ನು ಕಂಪೌಂಡರ ಕಣ್ಣೆದುರು ಹಿಡಿದು ತೋರಿಸಿ, ಈಚೆಯಿಂದ ನೇರಕ್ಕೆ ಕತ್ತರಿಸಿ ಕೊಟ್ಟೆ. ಆ ರಾತ್ರಿ ಅನ್ನ ರುಚಿಯಾಗಿತ್ತು. ಇಲ್ಲವೆಂದು ಬರೆದರೆ ಸುಳ್ಳಾಗುತ್ತದೆ.

ಮುಂದಿನ ಮಳೆಗಾಲದಲ್ಲಿ ಕಂಪೌಂಡರು ಹೋದರು. ಹಳೆಯ ವ್ಯಾಪಾರಿಯ ಹೆಣ ಬಜಾರಿನಲ್ಲಿ ಹಾದುಹೋಗುವಾಗ ಅಂಗಡಿಯವರು ಶಟರನ್ನು ಅರ್ಧಕ್ಕೆ ಎಳೆಯುವುದು ವಾಡಿಕೆ. ಎರಡೂ ಬದಿಯಲ್ಲಿ ಶಟರುಗಳು ಇಳಿಯುವ ಸದ್ದು ಕೇಳಿತು. ಸಣ್ಣ ಸಾಹೇಬರು ಆ ದಿನ ಭಟ್ಕಳದಲ್ಲಿದ್ದರು, ಎಳೆಯುವುದು ಬಿಡುವುದು ನನ್ನ ಕೈಯಲ್ಲಿತ್ತು. ನಾನು ಎಳೆಯಲಿಲ್ಲ. ಪೂರ್ತಿ ತೆರೆದ ಬಾಗಿಲಲ್ಲಿ ನೆಟ್ಟಗೆ ನಿಂತು, ಅವರು ದಾಟುವವರೆಗೂ ನೋಡಿದೆ.

ಮರುದಿನ ಬೆಳಿಗ್ಗೆ ಎಂದಿನಂತೆ ಮೊದಲು ಹೋಗಿ ಶಟರ್ ಎತ್ತಿದೆ. ಕಸ ಗುಡಿಸಿದೆ. ಎದುರಿನ ಕುರ್ಚಿ ಖಾಲಿ ಇತ್ತು. ಯಾರಿಗಿಂತ ಮೊದಲು ಬಂದೆ ಎಂದು ತಿಳಿಯದೆ ಕಸಬರಿಕೆ ಹಿಡಿದು ನಿಂತುಬಿಟ್ಟೆ... ಕತ್ತರಿ ಮುಟ್ಟಿದವಳು ನಾನಲ್ಲ ಎಂದು ಬಲ್ಲ ಇನ್ನೊಬ್ಬ ಮನುಷ್ಯ ಈ ಊರಿನಲ್ಲಿ ಉಳಿದಿರಲಿಲ್ಲ. ಅಂದು ಅಂಗಡಿಯಲ್ಲಿ ನಕ್ಕವರಿಗೆ ಕೇಳಿದ್ದು ಒಬ್ಬ ಮುದುಕನ ಬಡಬಡಿಕೆ. ಅದನ್ನು ಕೇಳಬೇಕಾಗಿದ್ದ ಮೀನಿನ ಹೆಂಗಸು ಮೊದಲೇ ಹೋಗಿದ್ದಳು.

ಕ್ಷಮಿಸಿದೆಯಾ ಎಂದು ಕೇಳುವವರಿಲ್ಲ. ಕೇಳಿದರೆ, ಇಲ್ಲ. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೂ ನನಗೆ ಅದೇ ಹೊತ್ತಿಗೆ ಎಚ್ಚರವಾಗುತ್ತದೆ, ಅವರಿಗಿಂತ ಮೊದಲು ಏಳಬೇಕೆಂಬ ಅದೇ ಧಾವಂತದಲ್ಲಿ.

“ಅತ್ಗೆ, ಚಾ ಆರ್ತು. ಈ ಗುಳಿಗೆ ಎಂತ ಮಾಡೂದು?” ಎಂದಳು ತಮ್ಮನ ಹೆಂಡತಿ.

“ಪುಡಿ ಮಾಡಿ ಬೂದಿಯಲ್ಲಿ ಕಲಸಿ ಕಸಕ್ಕೆ ಹಾಕು. ಹೆಸ್ರಿಲ್ಲದ್ದು ಈ ಮನೇಲಿ ಬೇಡ.”

ಅವಳು ಎದ್ದು ಹೋದಳು. ಡಬ್ಬದಲ್ಲಿದ್ದ ಉಳಿದ ಸ್ಟ್ರಿಪ್‌ಗಳನ್ನೆಲ್ಲ ಹೆಸರಿದ್ದ ತುದಿ ಮೇಲೆ ಬರುವಂತೆ ನಿಲ್ಲಿಸಿದೆ. ಪೆಟ್ಟಿಗೆಯಿಂದ ನನ್ನ ಹಳೆಯ ಕತ್ತರಿ ತೆಗೆದು, ಮಾಸಿದ ದಾರ ಬಿಚ್ಚಿ, ಹೊಸ ಕೆಂಪು ದಾರ ಕಟ್ಟಿ, ಡಬ್ಬದ ಮೇಲಿನ ಮೊಳೆಗೆ ತೂಗುಹಾಕಿದೆ. ಈ ದಿನದ ಕೆಲಸ ಅಲ್ಲಿಗೆ ಮುಗಿಯಿತು.