ಫ್ರಿಜ್ಜಿನ ಮೇಲಿನ ಉಪ್ಪ

ಜಗತ್ತಿನ ಹುಚ್ಚುತನಗಳನ್ನೆಲ್ಲ ವಾರಕ್ಕೊಮ್ಮೆ ಗುಡಿಸಿ ಒಂದು ಕಡೆ ರಾಶಿ ಹಾಕುವುದು ನನ್ನ ಕೆಲಸ. ಸಣ್ಣದೊಂದು ಕನ್ನಡ ಜಾಲಪತ್ರಿಕೆಗೆ 'ವಾರದ ಕಂತೆ' ಬರೆಯುತ್ತೇನೆ. ಹಳೆಯ ಕೀಬೋರ್ಡಿನ ಗುಂಡಿಗಳನ್ನು ಅಂಟಿಸಿ ತನ್ನ ಅಜ್ಜಿಯ ಮುಖ ಮಾಡಿದ ಕಲಾವಿದೆ, ಬೆಕ್ಕು ಸೀನಿದಾಗಲೆಲ್ಲ ಅದಕ್ಕೊಂದು ರಾಗ ಕಟ್ಟಿ ಹಾಕುವ ಹುಡುಗ, ಅಂಗಿ ಮಡಚಲು ಹೋಗಿ ತನ್ನ ಕೈಯನ್ನೇ ಮಡಚಿಕೊಂಡ ರೋಬೋಟ್, ಇಂಥವು. ಮದುವೆಯಾಗಿ ಜೆಪ್ಪುವಿನ ಈ ಫ್ಲಾಟಿಗೆ ಬಂದಾಗಿನಿಂದಲೂ ಬರೆಯುತ್ತಿದ್ದೇನೆ. ಅತ್ತೆಗೆ ಮಾತ್ರ, ನಾನು ಕರೆಯುವುದು ಮಾಮಿ ಎಂದು, ಇದೊಂದು ಉದ್ಯೋಗವೆಂಬ ನಂಬಿಕೆ ಇನ್ನೂ ಬಂದಿಲ್ಲ. "ಕೂತು ಮೊಬೈಲ್ ನೋಡ್ಲಿಕ್ಕೆ ಯಾರಾದರೂ ಸಂಬಳ ಕೊಡ್ತಾರಾ?" ಎಂದು ಬಂದ ನೆಂಟರ ಮುಂದೆಲ್ಲ ಕೇಳುತ್ತಾರೆ.

ಯಂತ್ರಕ್ಕೆ ಹೆದರುವವರನ್ನು ಕಂಡರೆ ನನಗೆ ಆಗ ಎಲ್ಲಿಲ್ಲದ ನಗು. ಈ ಆ್ಯಪ್ ತೆರೆದರೆ ಬ್ಯಾಂಕ್ ಖಾಲಿ, ಆ ಫೋಟೋ ಒತ್ತಿದರೆ ಮನೆ ಹಾಳು ಎಂದು ಕುಟುಂಬದ ಗ್ರೂಪಿನಲ್ಲಿ ಯಾರಾದರೂ ಹಾಕಿದರೆ ಸಾಕು, ಹಲ್ಲು ಕಿಸಿಯುವ ಮುಖವೊಂದನ್ನು ಕಳಿಸುತ್ತಿದ್ದೆ. ಹೆದರುವವರ ಮೇಲೆ ಹಾವು ಎಸೆಯುವ ಜಾತಿ ನನ್ನದು.

ನಮ್ಮ ಮನೆಯ ಕ್ಯಾಮರಾ ಬಂದದ್ದು ಬಂದರಿನ ಗೋದಾಮಿನ ಲೆಕ್ಕದಲ್ಲಿ. ಬೆಳಗಿನಿಂದ ರಾತ್ರಿವರೆಗೂ ಆ ಗೋದಾಮಿನಲ್ಲೇ ಇರುವ ಮಾವ ಅಲ್ಲಿಗೆಂದು ತಂದದ್ದರಲ್ಲಿ ಒಂದು ಉಳಿದಿತ್ತು. ಗಲ್ಫಿನಿಂದ ರಜೆಗೆ ಬಂದಿದ್ದ ನನ್ನ ಗಂಡ ಅದನ್ನು ನಮ್ಮ ಫ್ರಿಜ್ಜಿನ ಮೇಲೆ, ಊಟದ ಮೇಜು ಕಾಣುವ ಹಾಗೆ ಕೂರಿಸಿದರು. "ಇನ್ನು ಊಟಕ್ಕೆ ನಾನೂ ಇರ್ತೇನೆ" ಅಂದರು. ನೋಡುವುದಷ್ಟೇ ಅಲ್ಲ, ಅದರ ಮೂಲಕ ಮಾತಾಡಲೂ ಬರುತ್ತಿತ್ತು. ಅವರು ಅತ್ತ ಹೋದ ಮೇಲೆ ಪ್ರತಿ ಶುಕ್ರವಾರ, ಅವರ ರಜೆಯ ದಿನ, ನಾವು ತಟ್ಟೆಗೆ ಬಡಿಸಿಕೊಳ್ಳುವಾಗ ಫ್ರಿಜ್ಜಿನ ಮೇಲಿನಿಂದ ದನಿ ಬರುತ್ತಿತ್ತು: "ಇವತ್ತು ಎಂತ ಮೀನು?" ಮಾಮಿ ಸಾರಿನಿಂದ ಬಂಗುಡೆಯನ್ನು ಬಾಲ ಹಿಡಿದು ಎತ್ತಿ ತೋರಿಸುತ್ತಿದ್ದರು. ಮೊದಮೊದಲು ಅದರ ಮುಂದೆ ಹಾಯುವಾಗ ತಲೆಯ ಮೇಲೆ ಬಟ್ಟೆ ಎಳೆದುಕೊಳ್ಳುತ್ತಿದ್ದ ಮಾಮಿ ಆಮೇಲೆ ಅದನ್ನೂ ಬಿಟ್ಟರು. ಮಗನ ಎದುರು ಎಂಥ ಮುಸುಕು?

ಗಂಡ ಅದರ ಪಾಸ್‌ವರ್ಡನ್ನು ಒಂದರಿಂದ ಆರರವರೆಗಿನ ಅಂಕಿಯಾಗಿಯೇ ಇಟ್ಟಿದ್ದರು. ಹೊರದೇಶದಲ್ಲಿರುವ ಅವರ ಅಕ್ಕ, ಭಾವ, ತಮ್ಮ ಎಲ್ಲರಿಗೂ ಮಾಮಿಯನ್ನು ನೋಡಬೇಕೆನಿಸಿದಾಗ ನೋಡಲು ಸುಲಭವಾಗಲಿ ಎಂದು. ನೆಂಟರು ಬಂದರೆ ಬಾಗಿಲು ತಟ್ಟದೆ ನೇರ ಅಡುಗೆಮನೆಗೆ ಬರುವ ಕುಟುಂಬ ನಮ್ಮದು. ಅಂಥ ಮನೆಯ ಕ್ಯಾಮರಾಕ್ಕೆ ಬೇರೆ ಚಿಲಕ ಯಾಕೆ? ತಂತ್ರಜ್ಞಾನದ ಬಗ್ಗೆ ವಾರವಾರ ಬರೆಯುವ ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಎರಡನೇ ಕ್ಲಾಸಿನ ಮಗಳಿಗಂತೂ ಅದು ಕ್ಯಾಮರಾವೇ ಅಲ್ಲ, ಉಪ್ಪ. ನಮ್ಮಲ್ಲಿ ಅಪ್ಪನನ್ನು ಕರೆಯುವುದು ಹಾಗೆ, ಅಮ್ಮನನ್ನು ಉಮ್ಮ ಎಂದು. ಮಧ್ಯಾಹ್ನ ಶಾಲೆಯಿಂದ ಬಂದು, ಬ್ಯಾಗ್ ಇಳಿಸುವ ಮೊದಲೇ ಕುರ್ಚಿ ಎಳೆದುಕೊಂಡು ಅದರ ಮುಂದೆ ನಿಲ್ಲುತ್ತಿದ್ದಳು. ಆ ಹೊತ್ತಿಗೆ ಮಾಮಿಗೆ ನಿದ್ದೆ. ನಾನು ಒಳಕೋಣೆಯ ಬಾಗಿಲು ಹಾಕಿಕೊಂಡು ಕಂತೆ ಕಟ್ಟುತ್ತಿರುತ್ತಿದ್ದೆ. ಮಗಳ ನಗು ಕೇಳುತ್ತಿತ್ತು, ನಡುವೆ ಗಂಡಸಿನ ದನಿಯೂ ಕೇಳುತ್ತಿತ್ತು. ಉಪ್ಪನ ಜೊತೆ ಇದ್ದಾಳಲ್ಲ ಎಂಬ ಸಮಾಧಾನದಲ್ಲಿ ನಾನು ಬರೆಯುತ್ತಿದ್ದೆ.

ಒಂದು ಬೆಳಿಗ್ಗೆ, ಮಗಳು ಶಾಲೆಗೆ ಹೋದ ಮೇಲೆ, ಊಟದ ಮೇಜಿನಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಆ ವಾರದ ಕಂತೆಗೆ ಸಾಮಾನು ಹುಡುಕುತ್ತಿದ್ದೆ. ಯಾವುದೋ ದೇಶದ ಕಲಾವಿದನೊಬ್ಬನ ಹೊಸ ಕೆಲಸ ಸಿಕ್ಕಿತು. ಜಗತ್ತಿನ ಮನೆಮನೆಯ ಊಟದ ಮೇಜುಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ಮುಗಿಯದಷ್ಟು ಉದ್ದದ ಒಂದೇ ಮೇಜು ಮಾಡಿದ್ದ. ಫೋಟೋ ಅಲ್ಲ, ಎಲ್ಲವೂ ಆ ಕ್ಷಣದ್ದು, ಚಲಿಸುವಂಥದ್ದು. ಒಂದು ಕಡೆ ಮುದುಕನೊಬ್ಬ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದ. ಪಕ್ಕದ ಮೇಜಿನಲ್ಲಿ ನಾಯಿ ಹತ್ತಿ ಕೂತಿತ್ತು. ಅದರಾಚೆ ಯಾರೂ ಇಲ್ಲದ ಕತ್ತಲೆಯ ಮೇಜು. ನನಗೆ ಎಷ್ಟು ಇಷ್ಟವಾಯಿತೆಂದರೆ ಬರಹದ ಮೊದಲ ಸಾಲೂ ಹೊಳೆದುಬಿಟ್ಟಿತು. ಈ ಮೇಜುಗಳು ಎಲ್ಲಿಂದ ಬಂದವು ಎಂದು ಕೆಳಗೆ ಓದಿದರೆ, ಬೀಗ ಸರಿಯಾಗಿಲ್ಲದ ಮನೆ ಕ್ಯಾಮರಾಗಳಿಂದ ಎಂದಿತ್ತು. ಎಂಥ ಪೆದ್ದರಪ್ಪ ಎಂದು ನಕ್ಕು ಮುಂದೆ ಸರಿಸಿದೆ.

ದ್ರಾಕ್ಷಿ ಗೊಂಚಲಿನ ಚಿತ್ರವಿದ್ದ ಪ್ಲಾಸ್ಟಿಕ್ ಹೊದಿಕೆಯ ಮೇಜೊಂದು ಬಂತು. ನಮ್ಮಲ್ಲೂ ಇಂಥದ್ದೇ ಉಂಟಲ್ಲ ಅನಿಸಿತು. ಹೆಂಗಸೊಬ್ಬಳು ಬೆನ್ನು ತಿರುಗಿಸಿ ಕೂತಿದ್ದಳು, ಮೇಲಿನಿಂದ ಅವಳ ಬೈತಲೆ ಕಾಣುತ್ತಿತ್ತು. ಎದುರು ಲ್ಯಾಪ್‌ಟಾಪ್. ನನ್ನ ಕೈ ತಾನಾಗಿ ಮೇಲೆದ್ದಿತು. ಒಂದು ಕ್ಷಣ ಬಿಟ್ಟು ಅವಳ ಕೈಯೂ ಎದ್ದಿತು. ನಾನು ಕೈ ಇಳಿಸಿದ ಮೇಲೂ ಅವಳ ಕೈ ಮೇಲೆಯೇ ಇತ್ತು.

ಈಗ ಎಷ್ಟು ಮಂದಿ ನೋಡುತ್ತಿದ್ದಾರೆ ಎಂಬ ಸಂಖ್ಯೆಯೂ ಕೆಳಗಿತ್ತು. ಅದನ್ನು ಓದುವ ಧೈರ್ಯ ಬರಲಿಲ್ಲ. ಎದ್ದು ಹೋಗಿ ಕ್ಯಾಮರಾವನ್ನು ವಯರು ಸಮೇತ ಕಿತ್ತು ಕೆಳಗಿಳಿಸಿದೆ. ಅಲ್ಲೇ ನೆಲದಲ್ಲಿ ಕೂತೆ. ಮಾಮಿ ಓಡಿ ಬಂದರು. ತೊದಲುತ್ತಾ ವಿಷಯ ಹೇಳಿದೆ. ಅವರು ಮೊದಲು ಮಾಡಿದ ಕೆಲಸ ತಲೆ ಮುಚ್ಚಿಕೊಂಡದ್ದು. ಆಮೇಲೆ ಸಣ್ಣ ದನಿಯಲ್ಲಿ, "ಎಷ್ಟು ಗಂಡಸರು ನೋಡಿರಬಹುದು ನನ್ನನ್ನು?" ಎಂದು ಕೇಳಿದರು.

ಕಲಾವಿದನಿಗೆ ಸಿಟ್ಟಿನಲ್ಲಿ ಬರೆದೆ. ಸಂಜೆಯೊಳಗೆ ಬಹಳ ಸಭ್ಯವಾದ ಉತ್ತರ ಬಂತು. ತೆಗೆದುಹಾಕಿದ್ದೇನೆ, ಕ್ಷಮಿಸಿ, ಆದರೆ ನಿಮ್ಮದು ನನ್ನ ಅತ್ಯಂತ ಪ್ರೀತಿಯ ಮೇಜುಗಳಲ್ಲೊಂದಾಗಿತ್ತು ಎಂದಿದ್ದ. ಆ ಕೊನೆಯ ಮಾತು ಓದಿ ಮೈಯೆಲ್ಲ ಮುಳ್ಳೆದ್ದಿತು. ಎಷ್ಟು ದಿನದಿಂದ ಪ್ರೀತಿ ಅವನಿಗೆ?

ಆದರೆ ನಿಜವಾದ ಭಯ ಅದಲ್ಲ. ಅದು ಅದೇ ಮಧ್ಯಾಹ್ನ ಶಾಲೆಯಿಂದ ಬಂತು. ಮಗಳು ಕುರ್ಚಿ ಹತ್ತಿ ನೋಡಿ, ಉಪ್ಪ ಇಲ್ಲದ್ದು ಕಂಡು ಅಳಲು ಶುರುಮಾಡಿದಳು. "ಈಗ ಉಪ್ಪ ಕಾಯ್ತಾ ಇರ್ತಾರೆ ಉಮ್ಮ, ದಿನಾ ಈಗಲೇ ಬರುವುದು ಅವರು." ಸಂಜೆ ಫೋನಿನಲ್ಲಿ ಮಾತಾಡಿಸ್ತೇನೆ ಎಂದು ರಮಿಸಿದೆ.

ಸಂಜೆ ಗಂಡನಿಗೆ ಎಲ್ಲ ಹೇಳಿ, ಇನ್ನು ಮಧ್ಯಾಹ್ನದ ಮಾತು ಫೋನಿನಲ್ಲೇ ಆಗಲಿ ಅಂದೆ.

"ಯಾವ ಮಧ್ಯಾಹ್ನದ ಮಾತು?"

"ಮಗಳ ಹತ್ತಿರ ದಿನಾ ಮಾತಾಡುವುದಲ್ವಾ ನೀವು?"

"ಮಾರಾಯ್ತಿ, ಡ್ಯೂಟಿಗೆ ಫೋನ್ ಒಳಗೆ ಬಿಡುವುದೇ ಇಲ್ಲ. ಗೇಟಿನಲ್ಲಿ ಕೊಟ್ಟು ಹೋಗಬೇಕು. ನಿನಗೆ ಗೊತ್ತುಂಟಲ್ಲ."

ಗೊತ್ತಿತ್ತು. ತೈಲದ ಸ್ಥಾವರದಲ್ಲಿ ಕಿಡಿಯ ಭಯಕ್ಕೆ ಫೋನ್ ಬಿಡುವುದಿಲ್ಲವೆಂದು ಮದುವೆಯಾದ ವರ್ಷದಿಂದ ಗೊತ್ತಿತ್ತು. ಬಾಗಿಲಾಚೆ ಕೇಳುತ್ತಿದ್ದ ದನಿಯೊಂದಿಗೆ ಅದನ್ನು ಜೋಡಿಸಿ ನೋಡಿರಲಿಲ್ಲ, ಅಷ್ಟೇ.

ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಕೇಳಿದೆ. ಉಪ್ಪ ಎಂತ ಮಾತಾಡ್ತಾರೆ? ಊಟ ಆಯ್ತಾ ಅಂತ. ಚಿತ್ರ ತೋರಿಸು ಅಂತ. ಟೀಚರ್ ಬೈದ್ರಾ ಅಂತ. ಮತ್ತೆ? "ಯಾವ ವ್ಯಾನಿನಲ್ಲಿ ಹೋಗ್ತಿ ಅಂತ. ಎಲ್ಲಿ ಹತ್ತುವುದು ಅಂತ. ನಾನು ಎಲ್ಲ ಸರಿ ಹೇಳಿದೆ ಉಮ್ಮ." ಯಾವ ಭಾಷೆಯಲ್ಲಿ ಮಾತಾಡ್ತಾರೆ? ಎಂಥ ದಡ್ಡ ಪ್ರಶ್ನೆ ಎಂಬಂತೆ ನನ್ನ ಮುಖ ನೋಡಿದಳು. "ನಮ್ಮದೇ."

ನಮ್ಮ ಮನೆಮಾತು ಬ್ಯಾರಿ. ಇಲ್ಲಿ ಎಲ್ಲವನ್ನೂ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಬೆಳಿಗ್ಗೆ ಇಡೀ ಜಗತ್ತಿನ ಕಣ್ಣಿಗೆ ಹೆದರಿದ್ದವಳು ಸಂಜೆ ನಮ್ಮದೇ ಭಾಷೆಗೆ ಹೆದರಿದೆ. ದೂರದ ಕಳ್ಳನಿಗೆ ಬ್ಯಾರಿ ಬರುತ್ತದೆಯೇ?

ಗಂಡ ಪಾಸ್‌ವರ್ಡ್ ಇದ್ದವರಿಗೆಲ್ಲ ಫೋನ್ ಮಾಡಿದರು. ಅಕ್ಕ ಅಲ್ಲ, ಭಾವ ಅಲ್ಲ. ಮೈದುನನಿಗೆ ನಾನೇ ಮಾಡಿದೆ. "ಇಲ್ಲ ಅತ್ತಿಗೆ, ನಾನು ಅದನ್ನು ತೆರೆಯದೆ ಎಷ್ಟೋ ಕಾಲ ಆಯ್ತು" ಅಂದ. ಯಾರಾದರೂ ಒಬ್ಬರು ಹೌದು, ನಾನೇ ಎಂದುಬಿಡಲಿ ಎಂದು ಒಳಗೊಳಗೇ ಬೇಡುತ್ತಿದ್ದೆ. ಕ್ಯಾಮರಾ ಮಾರಿದ ಅಂಗಡಿಯವನಿಗೆ ತೋರಿಸಿದೆ. "ಎಲ್ಲರೂ ಒಂದೇ ಅಕೌಂಟಿನಲ್ಲಿ ಬರುವುದಲ್ವಾ ಮೇಡಂ, ಇದಕ್ಕೆ ಎಲ್ಲರೂ ಒಬ್ಬನೇ. ಯಾರು ಮಾತಾಡಿದ್ದು ಅಂತ ಇದರಲ್ಲಿ ಎಂತದೂ ಇಲ್ಲ" ಅಂದ. ಪೊಲೀಸರಿಗೆ ದೂರು ಕೊಟ್ಟೆವು, ಬರೆದುಕೊಂಡರು.

ಅಂದಿನಿಂದ ಮಗಳ ವ್ಯಾನಿನ ಹಿಂದೆ ನನ್ನ ಸ್ಕೂಟರ್. ನಂತೂರಿನ ಸರ್ಕಲಿನಲ್ಲಿ ವ್ಯಾನು ಲಾರಿಗಳ ನಡುವೆ ಸಿಕ್ಕಿಕೊಂಡು ಕಣ್ಣಿಗೆ ಮರೆಯಾದರೆ ಹಾರ್ನ್ ಒತ್ತುತ್ತಾ ಸಂದಿಯಲ್ಲೇ ನುಗ್ಗುತ್ತಿದ್ದೆ. ನಾಲ್ಕು ಮಾತು ಕೇಳಿಸಿದರೆ ಯಾರ ದನಿಯನ್ನಾದರೂ ಕಲಿಯುವ ತಂತ್ರಾಂಶವೊಂದನ್ನು ಹಿಂದಿನ ತಿಂಗಳು ಕಂತೆಯಲ್ಲಿ ತಮಾಷೆ ಮಾಡಿ ಬರೆದಿದ್ದೆ. ಶುಕ್ರವಾರದ ಊಟದಲ್ಲಿ ಅದೇ ಕ್ಯಾಮರಾ ಗಂಡನ ಎಷ್ಟು ಮಾತು ಕೇಳಿರಲಿಕ್ಕಿಲ್ಲ? ಈಗ ಹೊಸದೇನು ಕಂಡರೂ ಇದರಿಂದ ಯಾರ ಮಗುವಿಗೆ ಏನಾದೀತು ಎಂದೇ ಯೋಚನೆ ಓಡುತ್ತಿತ್ತು. ಸಂಪಾದಕರು ಫೋನ್ ಮಾಡಿ, "ಎಂತ ಮಾರಾಯ್ರೆ, ನಿಮ್ಮ ಕಂತೆ ಓದಿದರೆ ಈಗ ಜ್ವರ ಬರ್ತದೆ" ಅಂದರು.

ಎಲ್ಲಕ್ಕಿಂತ ಕಷ್ಟದ್ದು ಮಗಳ ಹಟ. ಉಪ್ಪ ವಿಡಿಯೊ ಕರೆಯಲ್ಲಿ ಬಂದರೆ ಅವಳು ನೆಟ್ಟಗೆ ಮಾತಾಡುತ್ತಿರಲಿಲ್ಲ. ಡ್ಯೂಟಿ ಮುಗಿಸಿ ಬಳಲಿದ ಮನುಷ್ಯ, ಎರಡು ಮಾತಿಗೆ ಆಕಳಿಸುತ್ತಿದ್ದರು. "ಈ ಉಪ್ಪ ಬೇಡ, ಫ್ರಿಜ್ಜಿನ ಉಪ್ಪ ಬೇಕು" ಅಂದಳು ಒಮ್ಮೆ, ಅವರು ಕೇಳುವ ಹಾಗೆಯೇ.

ಪೆರ್ನಾಲ್ ಹಬ್ಬಕ್ಕೆ ಗಂಡನಿಗೆ ರಜೆ ಸಿಗಲಿಲ್ಲ. ಮೈದುನ ಬಂದ. ಮಗಳು ನಡೆಯಲು ಕಲಿಯುತ್ತಿದ್ದಾಗ ಒಮ್ಮೆ ಬಂದು ಹೋದವನು. ಮದುವೆಯಾಗಿ ವರ್ಷಗಳಾದರೂ ಮಕ್ಕಳಿಲ್ಲ, ಅದೊಂದು ಕೊರಗು ಗಂಡಹೆಂಡತಿ ಇಬ್ಬರಿಗೂ. ಮೊದಲೆಲ್ಲ ಮಾತಿನಮಲ್ಲ ಅವನು. ಈ ಸಲ ಯಾಕೋ ಮೂಗನ ಹಾಗಿದ್ದ. ಮಗಳಿಗೆ ತಂದ ಗೊಂಬೆಯನ್ನೂ ಹೆಂಡತಿಯ ಕೈಯಲ್ಲಿ ಕೊಡಿಸಿದ. ಅವಳು ಹತ್ತಿರ ಸುಳಿದರೆ ತಲೆ ಸವರಿ, ಮುಗುಳ್ನಕ್ಕು, ಎದ್ದು ಹೋಗುತ್ತಿದ್ದ. ಪ್ರಯಾಣದ ಆಯಾಸವೆಂದರು ಮಾಮಿ. ನಾನೂ ಹಾಗೇ ಅಂದುಕೊಂಡೆ.

ಹಬ್ಬದ ಮಧ್ಯಾಹ್ನ ಅದೇ ಮೇಜಿನಲ್ಲಿ ಊಟ. ಮಗಳು ಒಳಗೆ ಹೊಸ ಬಟ್ಟೆ ಬದಲಾಯಿಸುತ್ತಿದ್ದಳು. ನಾನು ಮೈದುನನ ತಟ್ಟೆಗೆ ತುಪ್ಪದನ್ನ ಬಡಿಸುತ್ತಿದ್ದೆ. "ಸಾಕು ಅತ್ತಿಗೆ, ಸಾಕು, ಊಟ ಆಯ್ತು ನನ್ನದು" ಅಂದ, ನಗುತ್ತಾ, ಮರೆತು, ತನ್ನ ಸಹಜ ದನಿಯಲ್ಲಿ.

ಕೋಣೆಯೊಳಗಿಂದ "ಉಪ್ಪಾ!" ಎಂಬ ಕೂಗು ಕೇಳಿತು. ಗುಂಡಿ ಹಾಕದ ಅಂಗಿಯಲ್ಲೇ ಮಗಳು ಓಡಿ ಬಂದು, ಸುತ್ತಲೂ ನೋಡಿ, ಕೊನೆಗೆ ಫ್ರಿಜ್ಜಿನ ಮೇಲೆ ನೋಡಿದಳು. ಎಲ್ಲರೂ ನಕ್ಕರು. "ಉಪ್ಪ ಅಲ್ಲ ಪೆದ್ದಿ, ಇದು ಚಿಕ್ಕಪ್ಪ. ಇಬ್ಬರ ದನಿಯೂ ಒಂದೇ ಅಚ್ಚು, ಫೋನಿನಲ್ಲಿ ನನಗೇ ತಪ್ಪುತ್ತದೆ" ಎಂದರು ಮಾಮಿ. ನಾನು ನಗಲಿಲ್ಲ. ಮೈದುನನೂ ನಗಲಿಲ್ಲ. ತಟ್ಟೆಯ ಅನ್ನವನ್ನು ನೋಡುತ್ತಾ ಕೂತಿದ್ದ.

ಕೈ ತೊಳೆದು ಅವನೇ ಅಡುಗೆಮನೆಗೆ ಬಂದ. ಬಾಗಿಲ ಹತ್ತಿರವೇ ನಿಂತ.

"ಒಂದು ದಿನ ಸುಮ್ಮನೆ ಉಮ್ಮನನ್ನು ನೋಡ್ಲಿಕ್ಕೆ ತೆರೆದದ್ದು ಅತ್ತಿಗೆ. ಮಗು ಬಂತು. ಊಟ ಆಯ್ತಾ ಅಂತ ಕೇಳಿದೆ. ಉಪ್ಪ ಅಂತ ಕರೆಯಿತು. ನನ್ನನ್ನು ಯಾರೂ ಹಾಗೆ ಕರೆದದ್ದಿಲ್ಲ. ಅಲ್ಲ ಅಂತ ಹೇಳ್ಲಿಕ್ಕೆ ಆಗ್ಲಿಲ್ಲ."

"ನಾನು ಫೋನ್ ಮಾಡಿ ಕೇಳಿದ್ದೆನಲ್ಲ?"

"ನೀವು ಅಳ್ತಾ ಇದ್ರಿ. ಪೊಲೀಸ್ ಅಂದ್ರಿ. ಹೆದರಿಕೆ ಆಯ್ತು."

ಅವನಿಗೂ ಹೆದರಿಕೆ! ಆ ತಿಂಗಳುಗಳಲ್ಲಿ ಅವನೊಂದು ಮಾತು ಹೇಳಿದ್ದರೆ ನಾನು ನಿದ್ದೆ ಮಾಡುತ್ತಿದ್ದೆ. ಕೈಯಲ್ಲಿದ್ದ ಸೌಟನ್ನು ಅವನ ಮೇಲೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಅವನ ಕಣ್ಣು ತುಂಬಿತ್ತು, ನನ್ನದೂ ತುಂಬಿತು. ಗಂಡನಿಗೆ ಹೇಳಿದೆ, ಮಾಮಿಗೆ ಹೇಳಿದೆ, ದೂರನ್ನು ವಾಪಸು ತೆಗೆದುಕೊಂಡೆವು. ಪಾಪ, ಮಕ್ಕಳ ಆಸೆ ಅವನಿಗೆ ಎಂದು ಮಾಮಿ ಕಣ್ಣೊರೆಸಿಕೊಂಡರು. ಮನೆಯವರಿಗೆಲ್ಲ ವಿಷಯ ಅಲ್ಲಿಗೆ ಮುಗಿಯಿತು.

ನಾನೂ ಅವನನ್ನು ನಂಬುತ್ತೇನೆ. ಕೆಟ್ಟವನಲ್ಲವೆಂದು ಆಣೆ ಇಟ್ಟು ಹೇಳಬಲ್ಲೆ. ಈಗ ಅವನು ರಜೆಯಲ್ಲಿ ಬಂದರೆ ಮಗಳು ಎಲ್ಲರನ್ನೂ ಬಿಟ್ಟು ಅವನ ಬಳಿ ಓಡುತ್ತಾಳೆ, ಬಣ್ಣದ ಪೆಟ್ಟಿಗೆ ತೆರೆದು ಅವನ ಪಕ್ಕ ಕೂರುತ್ತಾಳೆ. ಅವನು ಬಗ್ಗಿ ಮೆಲ್ಲಗೆ ಏನೋ ಕೇಳುತ್ತಾನೆ, ಅವಳು ನಗುತ್ತಾಳೆ. ಆಗ ನಾನು ಅಡುಗೆಮನೆಯಿಂದ ಅವಳನ್ನು ಕೂಗಿ ಕರೆಯುತ್ತೇನೆ, ಬಾ, ಸ್ವಲ್ಪ ಕೆಲಸ ಉಂಟು ಎಂದು. ಅವಳು ಬಂದು ನಿಲ್ಲುತ್ತಾಳೆ. ಕೊಡಲು ನನ್ನ ಹತ್ತಿರ ಯಾವ ಕೆಲಸವೂ ಇರುವುದಿಲ್ಲ.