ಹಲ್ಲಿನಕ್ಕನೂ ದ್ವೀಪದ ಅಜ್ಜಿಯೂ

ದಂತವೈದ್ಯರ ಕ್ಲಿನಿಕ್ಕಿನ ಹಿಂದೆ ಒಂದೇ ಕಿಟಕಿಯ ಕೋಣೆ. ಬೆಳಗಿನ ಬಿಸಿಲು ಅದರೊಳಗೆ ಬರುವಾಗ ಪ್ಲಾಸ್ಟರಿನ ಧೂಳಿಗೆ ಸಿಕ್ಕಿ ಹಿಟ್ಟಿನಂತೆ ಉದುರುತ್ತಿತ್ತು. ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ಮೇಲೆ ಬಿಳಿ ಅಚ್ಚಿನ ಬಾಯಿಗಳು. ಕೆಲವು ನಗುವಂತಿದ್ದವು, ಕೆಲವು ಏನೋ ಹೇಳಲು ಹೊರಟು ಮರೆತಂತಿದ್ದವು. ಅವುಗಳ ನಡುವೆ ಕುಳಿತು ಗುಲಾಬಿ ಬಣ್ಣದ ಮೇಣದಲ್ಲಿ ಒಂದೊಂದೇ ಹಲ್ಲು ನೆಡುತ್ತಿದ್ದವಳನ್ನು ಬೀದಿಯವರೆಲ್ಲ ಹಲ್ಲಿನಕ್ಕ ಎನ್ನುತ್ತಿದ್ದರು.

ಅವಳ ಅಪ್ಪನಿಗೆ ಕೊನೆಯ ವರ್ಷ ಹಲ್ಲೆಲ್ಲ ಉದುರಿದ್ದವು. ಊರಿಗೆಲ್ಲ ಹಲ್ಲು ಕಟ್ಟುವ ಮಗಳು ಅಪ್ಪನ ಹಲ್ಲಿನ ಸೆಟ್ಟನ್ನು ಮಾತ್ರ ಈ ವಾರ, ಬರುವ ವಾರ ಎಂದು ಮುಂದೂಡುತ್ತ ಬಂದಳು.

"ನನಗೇನು ಅವಸರ? ಮದುವೆಗೆ ಹೊರಟಿದ್ದೀನಾ?" ಎನ್ನುತ್ತಿದ್ದ ಅಪ್ಪ, ಬ್ರೆಡ್ಡಿನ ತುಂಡನ್ನು ಹಾಲಿನಲ್ಲಿ ಅದ್ದುತ್ತ.

ಒಂದು ಮಧ್ಯಾಹ್ನ ಕುರ್ಚಿಯಲ್ಲೇ ಕಣ್ಣು ಮುಚ್ಚಿದವನು ಮತ್ತೆ ತೆರೆಯಲಿಲ್ಲ. ಅಚ್ಚು ತೆಗೆದಾಗಿತ್ತು, ಹಲ್ಲು ಕೂರಿಸುವುದಷ್ಟೇ ಬಾಕಿ ಇತ್ತು. ಆಮೇಲೆ ಎಷ್ಟೋ ದಿನ ಅವಳು ಅಪ್ಪನ ಅಚ್ಚಿದ್ದ ಮೂಲೆಯ ಹಲಗೆಯ ಕಡೆ ತಿರುಗದೆ ಕೆಲಸ ಮಾಡಿದಳು.

ಮುಂದಿನ ತಿಂಗಳು ಚರ್ಚಿನಲ್ಲಿ ಪಾದ್ರಿಗಳು ಹಸಿದವರಿಗೆ ಉಣಬಡಿಸುವುದರ ಬಗ್ಗೆ ಮಾತನಾಡಿದರು. ಒಬ್ಬರು ಮೂಟೆ ಹಿಟ್ಟು ಕೊಡುತ್ತೇನೆಂದರು, ಇನ್ನೊಬ್ಬರು ಬೇಳೆ ಎಂದರು. ಎಲ್ಲ ಮುಗಿದು ಪಾದ್ರಿಗಳು ಬಾಗಿಲಲ್ಲಿ ಕೈ ಕುಲುಕುತ್ತಿದ್ದಾಗ ಹಲ್ಲಿನಕ್ಕ ಮೆಲ್ಲಗೆ ಕೇಳಿದಳು:

"ಊಟ ಕೊಡೋರು ಬೇಕಾದಷ್ಟು ಜನ ಇದ್ದಾರೆ. ಅಗಿಯೋಕೆ ಆಗದವರಿಗೆ ಏನು ಮಾಡ್ತೀರಿ?"

ಪಾದ್ರಿಗಳು ಗಡ್ಡ ಕೆರೆದುಕೊಂಡರು. "ನೀನೇ ಹೇಳಮ್ಮ."

"ದೋಣೀಲಿ ನನಗೊಂದು ಜಾಗ ಕೊಡಿ."

ಸರೋವರದ ನಡುವಿನ ದ್ವೀಪಕ್ಕೆ ತಿಂಗಳಿಗೊಮ್ಮೆ ಚರ್ಚಿನ ದೋಣಿ ಹೋಗುತ್ತಿತ್ತು. ಔಷಧಿ ಡಬ್ಬಗಳ ಜೊತೆ ಒಬ್ಬ ನರ್ಸು, ಜೊತೆಗೆ ಪಾದ್ರಿಗಳು. ಹಲ್ಲಿನಕ್ಕ ಹೊರಟಳೆಂದು ಗೊತ್ತಾದಾಗ ದಂತವೈದ್ಯರೂ ಚೀಲ ಹಿಡಿದು ಬಂದರು. "ಕೀಳೋನು ಇಲ್ದೆ ಕಟ್ಟೋಳು ಒಬ್ಬಳೇ ಹೋಗಿ ಏನು ಮಾಡ್ತಾಳೆ?"

ದ್ವೀಪದಲ್ಲಿ ಒಬ್ಬ ಅಜ್ಜಿ ಇದ್ದಳು. ಅಲ್ಲಿಯ ಪುಟ್ಟ ಚರ್ಚಿನಲ್ಲಿ ನಲವತ್ತು ವರ್ಷ ಹಾಡು ಎತ್ತಿಕೊಟ್ಟವಳು. ಈಗ ಶಾಲಿನ ಅಂಚಿನಿಂದ ಬಾಯಿ ಮುಚ್ಚಿಕೊಂಡು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಹಲ್ಲಿನಕ್ಕ ಅವಳ ಮನೆಗೆ ಹೋದಾಗ ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದ ಸೊಸೆ ತಗ್ಗಿದ ದನಿಯಲ್ಲಿ ಹೇಳಿದಳು:

"ಸ್ತೋತ್ರ ಅನ್ನೋಕೆ ಹೋದ್ರೆ ತೋತ ಅಂತ ಬರುತ್ತೆ. ಒಂದು ಸಲ ಮಕ್ಕಳು ನಕ್ಕುಬಿಟ್ರು. ಅವತ್ತಿಂದ ಅತ್ತೆ ಚರ್ಚಲ್ಲಿ ತುಟಿ ಬಿಚ್ಚಿಲ್ಲ."

"ಹೋಗೋ ಕಾಲಕ್ಕೆ ಹಲ್ಲು ಯಾಕಮ್ಮ?" ಎಂದಳು ಅಜ್ಜಿ ಶಾಲಿನೊಳಗಿನಿಂದ. "ಮಣ್ಣು ಕಚ್ಚೋಕಾ?"

ಹಲ್ಲಿನಕ್ಕ ವಾದಕ್ಕೆ ಇಳಿಯಲಿಲ್ಲ. ಹೊಸ್ತಿಲ ಮೇಲೆ ಕುಳಿತಳು. ಅಲೆಗಳ ಬೆಳಕು ಸೂರಿನ ಕೆಳಗೆ ತೂಗಾಡುತ್ತಿತ್ತು. ಅದನ್ನೇ ನೋಡುತ್ತ, ಗಂಡನಿಗೂ ಹೇಳದಿದ್ದ ಮಾತನ್ನು ಯಾಕೋ ಆ ಅಪರಿಚಿತ ಮುದುಕಿಗೆ ಹೇಳತೊಡಗಿದಳು. ಅಪ್ಪ, ಹಾಲಿನಲ್ಲಿ ನೆನೆದ ಬ್ರೆಡ್ಡು, ಮುಗಿಯದ ಸೆಟ್ಟು. ಅಜ್ಜಿ ಪೂರ್ತಿ ಕೇಳಿದಳು. ಆಮೇಲೆ ಶಾಲು ಕೆಳಗಿಳಿಸಿದಳು.

"ತಗೋ, ಅಳತೆ ತಗೋ. ನಿಮ್ಮಪ್ಪನ ಬದಲು ಅಂದ್ಕೋ."

ಮೊದಲ ಸೆಟ್ಟು ಕೂರಲಿಲ್ಲ. ಕೆಳಗಿನ ಸಾಲು ಜಾರಿ ಒಸಡು ಉಜ್ಜಿ ಹುಣ್ಣಾಯಿತು. ಮುಂದಿನ ತಿಂಗಳು ಅಜ್ಜಿ ಅದನ್ನು ಬಟ್ಟೆಯಲ್ಲಿ ಸುತ್ತಿ ಕೈಗಿಟ್ಟಳು. "ಇವು ಬೇರೆ ಯಾರದೋ ಹಲ್ಲು ಕಣಮ್ಮ." ಹಲ್ಲಿನಕ್ಕನ ಮುಖ ಸಪ್ಪಗಾಯಿತು. ಕಾಟಾಚಾರಕ್ಕೆ ಕೆರೆದು ತಿದ್ದುವುದು ಬೇಡವೆಂದು ಹೊಸದಾಗಿ ಅಚ್ಚು ತೆಗೆದು, ಮೊದಲಿನಿಂದ ಶುರು ಮಾಡಿದಳು.

ಸೆಟ್ಟು ಸಿದ್ಧವಾಗುವ ಹೊತ್ತಿಗೆ ಮಂಜು ಕವಿಯಿತು. ಒಂದು ವಾರ ದೋಣಿ ಕದಲಲಿಲ್ಲ. ಕ್ರಿಸ್‌ಮಸ್‌ನ ಹಿಂದಿನ ದಿನ ಬೆಳಿಗ್ಗೆ ಒಂದಿಷ್ಟು ತೆಳುವಾದಾಗ ಹೊರಟೇಬಿಟ್ಟರು. ದಡ ಹಿಂದೆ ಕರಗಿತು, ಮುಂದೇನೂ ಕಾಣಲಿಲ್ಲ. ದೋಣಿ ನಿಂತಲ್ಲೇ ಇದೆ, ನೀರೇ ತಮ್ಮ ಅಡಿಯಲ್ಲಿ ಎಲ್ಲಿಗೋ ಹೋಗುತ್ತಿದೆ ಅನ್ನಿಸಿತು ಹಲ್ಲಿನಕ್ಕನಿಗೆ. ಆ ಬಿಳುಪಿನಲ್ಲಿ ತನ್ನ ಕೋಣೆಯ ಬಾಯಿಗಳೆಲ್ಲ ಹಗುರಾಗಿ ತೇಲಿಹೋದಂತೆ, ಅವುಗಳ ನಡುವೆ ಅಪ್ಪನದೂ ಇದ್ದಂತೆ, ಅದು ದೂರುತ್ತಿಲ್ಲ, ಸುಮ್ಮನೆ ಏನೋ ಗುನುಗುತ್ತಿದೆ ಎಂಬಂತೆ ಕಂಡಿತು. ನರ್ಸು ಭುಜ ಮುಟ್ಟಿದಾಗ ದ್ವೀಪದ ಮರಗಳು ಎದುರಿಗಿದ್ದವು.

ಚರ್ಚಿನ ಕಿಟಕಿಯ ಪಕ್ಕ ಅಜ್ಜಿಯನ್ನು ಕೂರಿಸಿದರು. ಹಲ್ಲಿನಕ್ಕ ಸೆಟ್ಟು ಇಟ್ಟಳು, ತೆಗೆದಳು, ಒಂದಂಚು ಉಜ್ಜಿ ನಯ ಮಾಡಿದಳು, ಮತ್ತೆ ಇಟ್ಟಳು. ಬಹಳ ಕಾಲದ ಮೇಲೆ ತನ್ನ ಮನೆಗೆ ಬಂದವರು ಗೋಡೆ ತಡವುವಂತೆ ಅಜ್ಜಿಯ ನಾಲಿಗೆ ಒಳಗೆ ಓಡಾಡಿತು.

"ಏನಾದ್ರೂ ಹೇಳಿ ಅಜ್ಜಿ."

ಅಜ್ಜಿ ಕಿಟಕಿಯಾಚೆ ನೋಡಿದಳು. "ಸ್ತೋತ್ರ," ಎಂದಳು. ಒಂದಕ್ಷರವೂ ಸೋರಲಿಲ್ಲ.

"ಇನ್ನೊಂದು ಸಲ?"

"ಯಾಕೆ, ದೇವರಿಗೆ ಕಿವುಡಾ?"

ಸಂಜೆಯ ಹೊತ್ತಿಗೆ ಮಂಜು ಮತ್ತೆ ದಟ್ಟವಾಯಿತು. ದೋಣಿ ಮರಳಲಿಲ್ಲ. ಹಾಗಾಗಿ ಕ್ರಿಸ್‌ಮಸ್ ಬೆಳಿಗ್ಗೆ ಹಲ್ಲಿನಕ್ಕ ದ್ವೀಪದ ಚರ್ಚಿನಲ್ಲೇ ಇದ್ದಳು. ಅಜ್ಜಿ ಮುಂದಿನ ಬೆಂಚಿಗೆ ಬಂದು ಹಾಡು ಎತ್ತಿದಳು. ಮೂರನೆಯ ಸಾಲಿನಲ್ಲಿ ದನಿ ಒಡೆಯಿತು, ಸೊಸೆ ಅದನ್ನು ಹಿಡಿದುಕೊಂಡಳು, ಆಮೇಲೆ ಎಲ್ಲರೂ ಸೇರಿದರು. ಹಾಡು ಮುಗಿದ ಮೇಲೆ ಒಬ್ಬೊಬ್ಬರಾಗಿ ಎದ್ದು, ಆ ವರ್ಷ ಯಾವುದಕ್ಕೆ ಕೃತಜ್ಞರೋ ಹೇಳುವುದಿತ್ತು. ಮಗು ಹುಟ್ಟಿದ್ದಕ್ಕೆ, ಜ್ವರ ಬಿಟ್ಟಿದ್ದಕ್ಕೆ, ಸೂರು ಗಾಳಿಗೆ ನಿಂತಿದ್ದಕ್ಕೆ. ಹಲ್ಲಿನಕ್ಕನ ಸರದಿ ಬಂತು. ಅವಳು ಎದ್ದು ನಿಂತಳು.

"ಅಜ್ಜಿ ಬಾಯಿ ತೆರೆದಿದ್ದಕ್ಕೆ," ಎಂದು ಕುಳಿತುಬಿಟ್ಟಳು. ಯಾರೋ ಕಿಸಕ್ಕನೆ ನಕ್ಕರು, ಅಜ್ಜಿಯೂ ನಕ್ಕಳು, ಶಾಲು ಮಡಿಲಲ್ಲೇ ಇತ್ತು.

ಹೊಸ ವರ್ಷದ ಮೊದಲ ದೋಣಿ ದ್ವೀಪಕ್ಕೆ ತಾಗಿದಾಗ ಚರ್ಚಿನ ಜಗಲಿಯಲ್ಲಿ ಏಳೆಂಟು ಮುದುಕರು, ಮುದುಕಿಯರು ತಲೆ ಬಾಚಿಕೊಂಡು, ಕೈಕಟ್ಟಿ ಸಾಲಾಗಿ ಕುಳಿತಿದ್ದರು. ದಂತವೈದ್ಯರು ಹಣೆ ಒರೆಸಿಕೊಂಡರು. ಹಲ್ಲಿನಕ್ಕ ಬಟ್ಟಲಿಗೆ ನೀರು ಸುರಿದು ಅಚ್ಚಿನ ಪುಡಿ ಕಲಸುತ್ತ ಕೇಳಿದಳು:

"ಮೊದಲು ಯಾರು ಬರ್ತೀರಿ?"